ಸೊನ್ನೆ ತೋರಿಸಿದ ಮಾಪಕ

ಪ್ರಿಯ ಶಿಷ್ಯರೇ,

ಪ್ರಯೋಗದಲ್ಲಿ ನಿರೀಕ್ಷಿಸದ ಅಳತೆ ಬಂದರೆ ತಪ್ಪೆಂದು ನಾನು ಕೆಂಪು ಗೀಟು ಎಳೆಯುತ್ತಿದ್ದೆನಲ್ಲವೇ? ನಿಮ್ಮ ಮೊಬೈಲಿನೊಳಗಿನ ಆರ್ಮ್ ಪ್ರೊಸೆಸರಿನ ಚರಿತ್ರೆ ಓದಿ ನಾಚಿದೆ.

ಬ್ರಿಟನ್ನಿನ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಯಂತ್ರ ಒದಗಿಸಿದ್ದ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಹಾಗೂ ಸ್ಟೀವ್ ಫರ್ಬರ್ ಅದನ್ನು ರೂಪಿಸಿದರು. ಅಗ್ಗದ ಪ್ಲಾಸ್ಟಿಕ್ ಹೊದಿಕೆ ಸಾಕಾಗಲೆಂದು 1 ವ್ಯಾಟಿನೊಳಗಿರುವುದೇ ಗುರಿ. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೆಲಸ ಮಾಡಿತು. ಅದು ಬಳಸುವ ವಿದ್ಯುತ್ತನ್ನು ಫರ್ಬರ್ ಅಳೆಯಹೋದರೆ ಮಾಪಕ ತೋರಿಸಿದ್ದು ಸೊನ್ನೆ! ಅವರು ಗೀಟು ಎಳೆಯಲಿಲ್ಲ, ಕಾರಣ ಹುಡುಕಿದರು. ವಿದ್ಯುತ್ ಸಂಪರ್ಕವೇ ಇರಲಿಲ್ಲ. ಸಂಕೇತದ ತಂತಿಗಳಿಂದ ಸೋರಿಬಂದ ವಿದ್ಯುತ್ತಿನಲ್ಲೇ ಚಿಪ್ ನಡೆಯುತ್ತಿತ್ತು. ಈ ಮಿತವ್ಯಯವೇ 1993ರಲ್ಲಿ ಅದನ್ನು ಆಪಲ್‌ನ ಅಂಗೈಯಂತ್ರ ನ್ಯೂಟನ್‌ಗೂ, ಮುಂದೆ ಮೊಬೈಲುಗಳಿಗೂ ಒಯ್ದಿತು.

ನಾನು ಗೀಟು ಎಳೆದ ಸೊನ್ನೆಗಳಲ್ಲಿ ಎಷ್ಟು ಕಾರಣಗಳು ಅಡಗಿದ್ದವೋ! ಕ್ಷಮಿಸಿರಿ, ಮಕ್ಕಳೇ.