ಮಧುಗಿರಿ ಸೀಮೆಯ ನಾಲ್ಕು ಪೇಟೆಗಳು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ದೇವಾಲಯದ ಕಟ್ಟಡ, ಗಂಟೆ, ಪೀಠ, ಸೇವೆ ಸಲ್ಲಿಸಿದ ಗುರುವರ್ಯರ ಪಟ್ಟಿ ಇವೆಲ್ಲವನ್ನೂ ಬಲ್ಲವರು ಬೇರೆಯಾಗಿಯೇ ಬರೆಯುತ್ತಿರುವರೆಂದು ತಿಳಿದುಬಂತು. ಆದುದರಿಂದ ನಾವು ಆ ಕೆಲಸಕ್ಕೆ ಕೈಹಾಕಲಿಲ್ಲ. ನಮ್ಮ ಜ್ಞಾನಸ್ನಾನದ ಪುಸ್ತಕಗಳಲ್ಲಿ ಹೆಸರಿನ ಮುಂದೆ 'ಊರು' ಎಂಬ ಅಂಕಣವೊಂದಿದೆ. ಮಗುವಿನ ಹೆಸರನ್ನು ಹುಡುಕುವವರು ಆ ಅಂಕಣವನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಹೆಸರುಗಳೂ ಅವುಗಳ ಸುತ್ತಲ ಹಳ್ಳಿಗಳೂ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಅಂಕಣದ ಚರಿತ್ರೆಯನ್ನು ಕಿಂಚಿತ್ತಾದರೂ ಹೇಳುವುದು ನಮ್ಮ ಉದ್ದೇಶ.

ಈ ನಾಲ್ಕೂ ತಾಲ್ಲೂಕುಗಳು ಕೂಡಿ ಮಧುಗಿರಿ ಕಂದಾಯ ಉಪವಿಭಾಗವಾಗಿವೆ. ಶಿಕ್ಷಣ ಇಲಾಖೆಯವರಂತೂ ತುಮಕೂರು ಜಿಲ್ಲೆಯನ್ನು ಎರಡಾಗಿ ಭಾಗಿಸಿ, ಈ ನಾಲ್ಕನ್ನೇ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದ್ದಾರೆ. ವಾಹನಗಳಿಗೂ ಕೆ.ಎ. 64 ಎಂಬ ಪ್ರತ್ಯೇಕ ಸಂಖ್ಯೆ ಬಂದಿದೆ. ಇನ್ನು ಜಿಲ್ಲೆಯೇ ಆಗಬೇಕೆಂದು ಮಧುಗಿರಿಯ ಜನ ಕೇಳುತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಕಾಗದದ ಮೇಲೆ ಒಂದಾಗಿರುವ ಈ ನಾಲ್ಕು ಪಟ್ಟಣಗಳು ಸ್ವಭಾವದಲ್ಲಿ ಒಂದೇ ಅಲ್ಲ. ಶಿರಾ ಹೆದ್ದಾರಿಯ ಊರು, ಮಧುಗಿರಿ ಬಂಡೆಯ ಊರು, ಕೊರಟಗೆರೆ ಜಯಮಂಗಲಿ ನದಿಯ ಸೀಮೆಯ ಊರು, ಪಾವಗಡ ಗಡಿಯ ಊರು.

ಮೊದಲಿಗೆ ಶಿರಾ. ಇಂದು ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಮೇಲುಸೇತುವೆಯ ಮೇಲೆ ಶಿರಾವನ್ನು ದಾಟಿಹೋಗುವವರಿಗೆ, ಅದೊಂದು ಕಾಲದಲ್ಲಿ ಮೊಗಲ್ ಸಾಮ್ರಾಜ್ಯದ ಪ್ರಾಂತ್ಯವೊಂದರ ರಾಜಧಾನಿಯಾಗಿತ್ತೆಂದು ಹೇಳಿದರೆ ನಂಬುವುದು ಕಷ್ಟ. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕನು ಇಲ್ಲಿ ಕೋಟೆಯನ್ನೂ ಊರನ್ನೂ ಕಟ್ಟಲಾರಂಭಿಸಿದನು. ಕೆಲಸ ಪೂರೈಸುವ ಮೊದಲೇ, 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಅದನ್ನು ಕಸಿದುಕೊಂಡನು. ಬಿಜಾಪುರದವರ ಪರವಾಗಿ ಆಳಿದ ಮಲಿಕ್ ರಿಹಾನನ ಗೋರಿ ಈಗಲೂ ಅಲ್ಲಿದೆ. 1687ರಲ್ಲಿ ಔರಂಗಜೇಬನ ಅಧಿಕಾರಿ ಖಾಸಿಂ ಖಾನನು ಬಂದ ಮೇಲೆ ಶಿರಾ ಒಂದು ಸುಬಾದ ಮುಖ್ಯಪಟ್ಟಣವಾಯಿತು. ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿ 1696ರದು.

ದಿಲಾವರ್ ಖಾನನ ಕಾಲ ಶಿರಾದ ಉಚ್ಛ್ರಾಯ ಕಾಲ. ಆಗ ಊರಿನಲ್ಲಿ 50,000 ಮನೆಗಳಿದ್ದವೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಇಂಥ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇರುವುದು ಸಹಜ. ಆದರೂ ಅರ್ಧಕ್ಕರ್ಧ ಕಳೆದರೂ ಅದು ಮಹಾನಗರವೇ ಸರಿ. ಅವನು ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಮಾದರಿಯಾಯಿತೆಂದೂ, ಶಿರಾದ ಖಾನ್ ಬಾಗ್ ಎಂಬ ತೋಟವೇ ನಮ್ಮ ಲಾಲ್‌ಬಾಗಿಗೆ ಪ್ರೇರಣೆಯೆಂದೂ ಅದೇ ಗ್ರಂಥದಲ್ಲಿದೆ. ಬೆಂಗಳೂರಿನಿಂದ ಬರುವ ನೆಂಟರು ಲಾಲ್‌ಬಾಗಿನ ಬಗ್ಗೆ ಹೆಮ್ಮೆ ಕೊಚ್ಚಿಕೊಂಡಾಗ ನಮ್ಮ ಶಿರಾದ ವಿಶ್ವಾಸಿಗಳು ಇದನ್ನು ಧಾರಾಳವಾಗಿ ಹೇಳಬಹುದು.

ಆ ಮೇಲೆ ಏನಾಯಿತು? 1757ರಲ್ಲಿ ಮರಾಠರು, 1761ರಲ್ಲಿ ಹೈದರ್, ಮತ್ತೆ 1766ರಲ್ಲಿ ಮರಾಠರು, 1774ರಲ್ಲಿ ಟಿಪ್ಪು. ಹದಿನೇಳು ವರ್ಷಗಳಲ್ಲಿ ನಾಲ್ಕು ಬಾರಿ ಊರು ಕೈಬದಲಾಯಿಸಿತು. ಕೊನೆಗೆ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ದ್ವೀಪದಲ್ಲಿ ಹೊಸದಾಗಿ ಕಟ್ಟಿಸುತ್ತಿದ್ದ ಶಹರ್ ಗಂಜಾಮಿಗೆ ಜನ ಬೇಕೆಂದು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಕರೆದೊಯ್ದನು. ಲಡಾಯಿಯಲ್ಲಿ ಸೋತ ಊರು ಮತ್ತೆ ಎದ್ದೀತು, ಆದರೆ ನೇಕಾರ, ಬಣ್ಣಗಾರ, ವರ್ತಕ, ಕುಶಲಕರ್ಮಿ ಎಲ್ಲರೂ ಒಮ್ಮೆಲೇ ಎದ್ದುಹೋದ ಪೇಟೆ ಏಳುವುದು ಹೇಗೆ? 1901ರ ಜನಗಣತಿಯ ವೇಳೆಗೆ ಶಿರಾದಲ್ಲಿ ಉಳಿದಿದ್ದವರು ಕೆಲವೇ ಸಾವಿರ ಮಂದಿ.

ಗಂಜಾಮಿನ ಹೆಸರು ಬಂದಾಗ ನಮ್ಮವರಿಗೆ ಇನ್ನೊಂದು ಸಂಗತಿ ನೆನಪಾಗಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಚದುರಿಹೋಗಿದ್ದ ಕಥೋಲಿಕರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬೋಯಿಸ್‌ರವರ ಹೆಸರಿನಲ್ಲಿ ಇಂದಿಗೂ ಗಂಜಾಮಿನಲ್ಲಿ ಒಂದು ದೇವಾಲಯವಿದೆ. ಸಿಡುಬಿನ ದಾಕು ಹಾಕಿಸಿಕೊಳ್ಳುವಂತೆ ಹಳ್ಳಿಗರನ್ನು ಒಡಂಬಡಿಸಿ, 1803-04ರಲ್ಲಿ 25,000ಕ್ಕೂ ಮಿಕ್ಕಿದ ಜನರಿಗೆ ಅದನ್ನು ಹಾಕಿಸಿದವರು ಇದೇ ಸ್ವಾಮಿಗಳು. ಅವರನ್ನು ಇಂದಿನವರು ಗ್ರಂಥಕರ್ತರೆಂದೇ ಹೆಚ್ಚಾಗಿ ಬಲ್ಲರು. ನಮಗೇನೋ ಗ್ರಂಥಕ್ಕಿಂತ ಆ ದಾಕಿನ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ.

ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. ಒಂದೇ ಬಂಡೆಯಾಗಿ ಆಕಾಶಕ್ಕೆದ್ದಿರುವ ಆ ಬೆಟ್ಟ, ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ಕೋಟೆಯು ಸ್ಥಳೀಯ ಗೌಡ ಪಾಳೆಯಗಾರರಿಂದ ಮೈಸೂರಿನವರ ಕೈಸೇರಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಯಿಟ್ಟದ್ದು ಇಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಬೆಟ್ಟ ಹತ್ತುವ ನಮ್ಮ ಯುವಕರು ಅರ್ಧ ದಾರಿಯಲ್ಲಿ ಕುಳಿತು ಏದುಸಿರು ಬಿಡುವಾಗ ಆ ತಾಯಿಯನ್ನೂ ಒಂದು ಕ್ಷಣ ನೆನೆಯಲಿ.

ಕೊರಟಗೆರೆಯು ಬಹುಕಾಲ ಮದ್ದಗಿರಿ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತು. ಅದರ ಸೀಮೆಗೆ ಸೇರಿದ ಚನ್ನರಾಯನದುರ್ಗದ ಸುತ್ತ, ಹಳ್ಳಗಳ ಕಪ್ಪುಮರಳಿನಿಂದ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಕುಲುಮೆಗಳನ್ನು 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು ವಿವರವಾಗಿ ಬರೆದಿಟ್ಟಿದ್ದಾನೆ. ಅಂದರೆ ನಮ್ಮದು ಬರೀ ರಾಗಿ ಬೆಳೆದು ತಿಂದ ನಾಡಲ್ಲ. ಹೊರಗಿನಿಂದ ಅಗ್ಗದ ಕಬ್ಬಿಣ ಬಂದ ಮೇಲೆ ಆ ಕುಲುಮೆಗಳು ಆರಿದವು.

ಪಾವಗಡ ಮೂರು ದಿಕ್ಕಿಗೂ ಆಂಧ್ರವನ್ನೇ ನೆರೆಯಾಗಿ ಪಡೆದ ತಾಲ್ಲೂಕು. ಅದರ ಹೆಸರೇ ಹಾವಿನ ಬೆಟ್ಟ, ತೆಲುಗಿನ ಪಾಮುಕೊಂಡ. ಸಂತೆಯಲ್ಲಿ ಒಂದೇ ಮಾತಿನೊಳಗೆ ಕನ್ನಡ ತೆಲುಗು ಎರಡೂ ಬೆರೆಯುವುದನ್ನು ಅಲ್ಲಿ ಕೇಳಬೇಕು. ಲೆಕ್ಕ ಒಂದು ಭಾಷೆಯಲ್ಲಿ, ಜಗಳ ಇನ್ನೊಂದರಲ್ಲಿ.

ಜನಸಂಖ್ಯೆಯ ಮಾತಿಗೆ ಬರೋಣ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮೊದಲ ಕ್ರಮಬದ್ಧ ಜನಗಣತಿ ನಡೆದಾಗ ಇದ್ದ ಜನ 50,55,412. ಹತ್ತು ವರ್ಷಗಳ ಮೇಲೆ, 1881ರಲ್ಲಿ, 41,86,188. ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ನಡುವೆ ಬಂದುಹೋದದ್ದು 1876-78ರ ಭೀಕರ ಕ್ಷಾಮ. ಮಲೆನಾಡು ಹೇಗೋ ತಡೆದುಕೊಂಡಿತು. ಪೆಟ್ಟು ಬಿದ್ದುದು ಬಯಲುಸೀಮೆಗೆ, ಅದರಲ್ಲೂ ಕೆರೆ ಬತ್ತಿದರೆ ಬೇರೆ ಗತಿಯಿಲ್ಲದ ನಮ್ಮಂಥ ಜಿಲ್ಲೆಗಳಿಗೆ. ತಂದೆತಾಯಿಗಳಿಲ್ಲದೆ ಉಳಿದ ಮಕ್ಕಳನ್ನು ಅಂದಿನ ಗುರುಗಳೂ ಕನ್ಯಾಸ್ತ್ರೀಯರೂ ಎತ್ತಿ ಸಾಕಿದರು. ಬೆಂಗಳೂರಿನ ಉತ್ತರಕ್ಕಿರುವ ಸಿಲುವೆಪುರದಂಥ ಹಳ್ಳಿಗಳ ಆರಂಭ ಆ ಅನಾಥರಿಗೆ ನೆಲೆಯಾಗಿ. ನಮ್ಮ ಕಥೋಲಿಕ ಮನೆತನಗಳಲ್ಲಿ ಮೂಲ ಊರು ಯಾವುದೆಂದು ಕೇಳಿದಾಗ ಮುತ್ತಾತನ ಹಿಂದಕ್ಕೆ ಉತ್ತರವೇ ಇಲ್ಲದಿರುವ ಮನೆಗಳುಂಟು. ಅದಕ್ಕೆ ಕಾರಣ ಮರೆವಲ್ಲ, ಕ್ಷಾಮ.

2011ರ ಜನಗಣತಿಯ ಪ್ರಕಾರ ಶಿರಾದಲ್ಲಿ ಸುಮಾರು 57 ಸಾವಿರ, ಮಧುಗಿರಿಯಲ್ಲಿ 29 ಸಾವಿರ, ಪಾವಗಡದಲ್ಲಿ 28 ಸಾವಿರ, ಕೊರಟಗೆರೆಯಲ್ಲಿ 15 ಸಾವಿರ ಜನರಿದ್ದರು. ಈ ಅಂಕಿಗಳಲ್ಲಿ ನಮಗೆ ಕಾಣುವುದು ಹೆದ್ದಾರಿಯ ಮಹಿಮೆ. ಮುಖ್ಯರಸ್ತೆಯ ಮೇಲಿರುವ ಶಿರಾ ಬೆಳೆಯಿತು, ಉಳಿದ ಮೂರು ಮೆಲ್ಲನೆ ನಡೆದವು. ದಿಲಾವರ್ ಖಾನನ ಕಾಲದ 50,000 ಮನೆಗಳ ಮಾತಿಗೆ ಈಗ 50,000 ತಲೆಗಳಾದರೂ ಸರಿಹೋದವು!

ಪೇಟೆಯ ಜೀವವಿರುವುದು ಸುತ್ತಲ ಹೊಲಗಳಲ್ಲಿ. ಎಂಬತ್ತರ ದಶಕದಲ್ಲಿ ನಾವು ಕಿರಿಯ ಗುರುಗಳಾಗಿ ಈ ಕಡೆ ಓಡಾಡುತ್ತಿದ್ದಾಗ, ಸುಗ್ಗಿಯ ದಿನಗಳಲ್ಲಿ ಬಸ್ಸಿನ ಮೇಲೆ, ಎತ್ತಿನಗಾಡಿಯಲ್ಲಿ, ಸೈಕಲ್ಲಿನ ಹಿಂದೆ, ಎಲ್ಲಿ ನೋಡಿದರೂ ಕಡಲೆಕಾಯಿ ಮೂಟೆ. ಎಣ್ಣೆ ಗಾಣದ ಮಿಲ್ಲುಗಳ ವಾಸನೆ ಊರಿಗೆ ಮೊದಲೇ ಎದುರಾಗುತ್ತಿತ್ತು. ಒಮ್ಮೆ ನಮ್ಮ ವಿಶ್ವಾಸಿ ಕುಟುಂಬವೊಂದರ ಜೊತೆ ಈ ಪೇಟೆಗಳಲ್ಲೊಂದರ ದಲ್ಲಾಳಿ ಮಂಡಿಗೆ ಹೋಗಿದ್ದೆವು. ಆರು ಮೂಟೆ ತೂಗಿದರು. ಕಸಕಡ್ಡಿಗೆಂದು ಇಷ್ಟು, ತೇವಕ್ಕೆಂದು ಇಷ್ಟು, ಹಮಾಲಿಗೆ ಇಷ್ಟು, ಬಿತ್ತನೆಗೆ ಕೊಟ್ಟಿದ್ದ ಮುಂಗಡ ಮತ್ತು ಬಡ್ಡಿಗೆ ಇಷ್ಟು ಎಂದು ಬಿಳಿ ಚೀಟಿಯ ಮೇಲೆ ಕಳೆಯುತ್ತಾ ಬಂದರು. ಕೊನೆಗೆ ಆ ತಂದೆಯ ಕೈಗೆ ಬಂದ ಹಣದಲ್ಲಿ ಮಕ್ಕಳಿಗೆ ಕ್ರಿಸ್ಮಸ್ ಬಟ್ಟೆಯನ್ನೂ ಕೊಳ್ಳಲಾಗಲಿಲ್ಲ. ನಾವು ಪಕ್ಕದಲ್ಲಿ ನಿಂತಿದ್ದೆವು, ಸೆಮಿನರಿಯಲ್ಲಿ ಸಾಮಾಜಿಕ ನ್ಯಾಯದ ವಿಶ್ವಪತ್ರಗಳನ್ನೆಲ್ಲ ಓದಿದ್ದೆವು, ಆದರೂ ಆ ಚೀಟಿಯನ್ನು ಪ್ರಶ್ನಿಸಲು ನಮಗೆ ಬಾಯಿ ಬರಲಿಲ್ಲ. ಆತ ನಮ್ಮನ್ನೇ ಸಮಾಧಾನಪಡಿಸಿ, "ಬನ್ನಿ ಸ್ವಾಮಿ, ಕಾಫಿ ಕುಡಿಯೋಣ" ಎಂದು ಕರೆದುಕೊಂಡು ಹೋದ. ಕಾಫಿಗೂ ಆತನೇ ಕೊಟ್ಟ.

ಆ ಕಡಲೆಕಾಯಿ ಈಗ ಹಿಂದಿನ ಪ್ರಮಾಣದಲ್ಲಿಲ್ಲ. ಮಳೆ ಕೈಕೊಟ್ಟದ್ದು ಒಂದು ಕಾರಣ. ಪಾವಗಡದಲ್ಲಿ ಒಳ್ಳೆಯ ವರ್ಷದಲ್ಲೂ ಬೀಳುವ ಮಳೆ ಹೆಚ್ಚೇನಲ್ಲ. 1994ರಿಂದ ಹೊರದೇಶದ ತಾಳೆಎಣ್ಣೆಗೆ ಬಾಗಿಲು ತೆರೆದದ್ದು ಇನ್ನೊಂದು ಕಾರಣ. ಮಲೇಷಿಯಾದ ಎಣ್ಣೆ ಅಗ್ಗವಾಗಿ ಬಂದಾಗ ಪಾವಗಡದ ಮಿಲ್ಲು ನಿಂತಿತು. ಹುಣಸೆಯೊಂದು ಮಾತ್ರ ಬಿಡದೆ ಉಳಿದಿದೆ. ಬೇಸಿಗೆಯಲ್ಲಿ ಮನೆಮನೆಯ ಜಗಲಿಯ ಮೇಲೆ ಹೆಂಗಸರು ಹುಣಸೆ ಕುಟ್ಟಿ, ಬೀಜ ನಾರು ಬಿಡಿಸುತ್ತಾ ಕುಳಿತಿರುವುದನ್ನು ಕಾಣದವರಿಲ್ಲ. ಕೂಲಿ ಕಿಲೋ ಲೆಕ್ಕದಲ್ಲಿ, ಬೆರಳು ಒಡೆಯುವುದಕ್ಕೆ ಲೆಕ್ಕವಿಲ್ಲ. ಕುರಿ ಮತ್ತೊಂದು ಆಧಾರ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿಸಂತೆಗೆ ಹೊರ ಜಿಲ್ಲೆಗಳಿಂದಲೂ ವ್ಯಾಪಾರಿಗಳು ಬರುತ್ತಾರೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಅಲ್ಲಿ ನೇಯ್ದದ್ದನ್ನು ನಮ್ಮವರು ಬೆಂಗಳೂರಿನ ಅಂಗಡಿಯಲ್ಲಿ ಕೊಂಡು ತರುತ್ತಾರೆ.

2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಪಾವಗಡ, ಶಿರಾ, ಮಧುಗಿರಿ ಮೂರೂ ಆ ಪಟ್ಟಿಯಲ್ಲಿದ್ದವು. ನೀರೇ ಇದರ ಮೂಲ. ಕೆರೆ ಹೂಳು ತುಂಬಿತು, ಬಾವಿ ಬತ್ತಿತು, ಕೊಳವೆಬಾವಿ ಆಳಕ್ಕಿಳಿದಂತೆ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಪಾವಗಡದ ಹಳ್ಳಿಗಳಲ್ಲಿ ಕಂದಿದ ಹಲ್ಲಿನ ಮಕ್ಕಳನ್ನೂ, ಬೆನ್ನು ನೆಟ್ಟಗಾಗದ ಹಿರಿಯರನ್ನೂ ನೋಡಿದವರಿಗೆ ವಿವರಣೆ ಬೇಡ. ಹೇಮಾವತಿಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹರಿದದ್ದೂ, ತುಂಗಭದ್ರೆಯ ಹಿನ್ನೀರನ್ನು ಕುಡಿಯಲು ಪಾವಗಡಕ್ಕೆ ತರುವ ಯೋಜನೆ ಕೈಗೊಂಡದ್ದೂ ಈ ನಾಡಿಗೆ ಯಾವ ಕೋಟೆ ಅರಮನೆಗಳಿಗಿಂತ ದೊಡ್ಡ ಸಂಗತಿ ಎಂದು ನಮ್ಮ ಅಭಿಪ್ರಾಯ.

ಮಳೆ ಕೊಡದ ಪಾವಗಡದ ಆಕಾಶ ಕೊನೆಗೆ ಬಿಸಿಲನ್ನೇ ಬೆಳೆಯಾಗಿ ಕೊಟ್ಟಿತು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕೇಂದ್ರ 2018ರಲ್ಲಿ ಆರಂಭವಾಗಿ 2019ರ ಕೊನೆಗೆ ಪೂರ್ತಿಗೊಂಡಿತು. ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಸುವ ಕರಾರು. ರೈತನ ಪಟ್ಟಾ ರೈತನಲ್ಲೇ ಉಳಿಯಿತೆಂಬುದು ಮೆಚ್ಚತಕ್ಕ ವಿಚಾರ. ಆದರೆ ಪಟ್ಟಾ ಇಲ್ಲದವನ ಗತಿ? ಹತ್ತು ಎಕರೆಯವನಿಗೆ ಮನೆಬಾಗಿಲಿಗೆ ಹಣ ಬರುತ್ತದೆ. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೂ, ಆ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಬಂದದ್ದು ಬೇಲಿ. ಅವರೇ ಬೆಂಗಳೂರಿನ ಬಸ್ಸು ಹತ್ತಿದವರಲ್ಲಿ ಮೊದಲಿಗರು.

ಸೌಕರ್ಯಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸರ್ಕಾರಿ ಆಸ್ಪತ್ರೆ, ಕಾಲೇಜು, ನ್ಯಾಯಾಲಯ, ಬ್ಯಾಂಕು ನಾಲ್ಕೂ ಕಡೆ ಇವೆ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದ ಜಪಾನಂದ ಸ್ವಾಮಿಗಳು ಕುಷ್ಠರೋಗಿಗಳಿಗೂ ಕಣ್ಣಿನ ರೋಗಿಗಳಿಗೂ ನಡೆಸಿಕೊಂಡು ಬಂದಿರುವ ಸೇವೆಯನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ರೋಗಿಯ ಮತ ಕೇಳದ ಸೇವೆ ಎಲ್ಲಿದ್ದರೂ ನಮ್ಮದೇ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡ ಮಾರ್ಗವಾಗಿ ರಾಯದುರ್ಗಕ್ಕೆ ಹೋಗುವ ರೈಲುಮಾರ್ಗ 2007-08ರಲ್ಲಿ ಮಂಜೂರಾಯಿತು. 2020 ಕಳೆದರೂ ಮಧುಗಿರಿಯವರು ರೈಲಿನ ಸಿಳ್ಳು ಕೇಳಿರಲಿಲ್ಲ.

ಜ್ಞಾನಸ್ನಾನದ ಪುಸ್ತಕಕ್ಕೆ ಮರಳುತ್ತೇವೆ. ಮದುವೆಗೆಂದೋ ಶಾಲೆಗೆಂದೋ ಪ್ರಮಾಣಪತ್ರ ಕೇಳಿಕೊಂಡು ಬರುವ ಪತ್ರಗಳು ಈಗ ಪೀಣ್ಯ, ದಾಸರಹಳ್ಳಿ, ಕಮ್ಮನಹಳ್ಳಿಗಳಿಂದ ಬರುತ್ತವೆ. ಕ್ರಿಸ್ಮಸ್ಸಿಗೂ ಊರಹಬ್ಬಕ್ಕೂ ಬಂದು ಎರಡು ದಿನವಿದ್ದು ಹೋಗುವ ಮಕ್ಕಳಿಗೆ ಹೊಲದ ದಾರಿ ಗೊತ್ತಿಲ್ಲ. ಆದರೂ ಮಗುವಿಗೆ ಜ್ಞಾನಸ್ನಾನ ಇಲ್ಲಿಯೇ ಆಗಬೇಕೆಂದು ಹಟ ಹಿಡಿದು, ಅಜ್ಜ ಅಜ್ಜಿಯರ ಎದುರಿಗೆ ಮಾಡಿಸಿಕೊಂಡು ಹೋಗುವ ತಾಯಂದಿರು ಇನ್ನೂ ಇದ್ದಾರೆ. ಹೋದ ವರ್ಷ ಅಂಥ ಒಬ್ಬಾಕೆಯನ್ನು, "ಊರು ಎಂಬಲ್ಲಿ ಏನೆಂದು ಬರೆಯೋಣ ತಾಯಿ, ಬೆಂಗಳೂರೇ?" ಎಂದು ಕೇಳಿದೆವು. ಆಕೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಹತ್ತಿರ ಬಂದು ಪುಸ್ತಕ ನೋಡಿ, "ಮೇಲೆ ಇವರಪ್ಪನಿಗೆ ಏನು ಬರೆದಿದ್ದೀರೋ ಅದನ್ನೇ ಬರೆಯಿರಿ ಸ್ವಾಮಿ" ಎಂದಳು. ನಾವು ಹಾಗೆಯೇ ಬರೆದೆವು.