ಹೊಗೆಸೊಪ್ಪಿನ ಹೆಸರು ಹೊತ್ತ ಅನ್ನಾಂಗ

ಊಟದ ವಿಷಯದಲ್ಲಿ ಬುದ್ಧಿ ಹೇಳುವವರಿಗೆ ಎಂದೂ ಬರವಿಲ್ಲ. ಯಾರನ್ನು ನಂಬಬೇಕೆಂಬುದು ಮಾತ್ರ ಕೇಳುವವರಿಗೆ ತಿಳಿಯದು. ವೈದ್ಯರು ಒಂದು ಹೇಳುತ್ತಾರೆ. ಡಬ್ಬಿಯ ಮೇಲಿನ ಚೀಟಿ ಇನ್ನೊಂದು ಹೇಳುತ್ತದೆ. ನೆರೆಮನೆಯವರು ಮತ್ತೊಂದು ಹೇಳುತ್ತಾರೆ. ಆಹಾರ ವಿಜ್ಞಾನ ಸತ್ಯವನ್ನು ಕಂಡುಹಿಡಿದರೆ ಸಾಲದು, ಉಣ್ಣುವವನು ಒಪ್ಪುವಂತೆ ಅದನ್ನು ಮುಟ್ಟಿಸಬೇಕು. ಈ ಎರಡನೆಯ ಕೆಲಸವೇ ಹೆಚ್ಚು ಕಠಿಣವೆಂಬುದಕ್ಕೆ ಪೆಲಗ್ರ ಎಂಬ ರೋಗದ ಇತಿಹಾಸಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಮೆಕ್ಸಿಕೋ ಸೀಮೆಯ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ರೊಟ್ಟಿ ಮಾಡುತ್ತಿದ್ದರು. ಯುರೋಪಿನವರು ಕಾಳನ್ನು ಹಡಗಿಗೆ ತುಂಬಿಕೊಂಡು ಹೋದರು. ಸುಣ್ಣದ ಸಂಪ್ರದಾಯವನ್ನು ಅಲ್ಲಿಯೇ ಬಿಟ್ಟರು. ಕಾಳಿನಲ್ಲಿ ಬಿಗಿದುಕೊಂಡಿರುವ ಒಂದು ಅನ್ನಾಂಗವನ್ನು ಬಿಡಿಸಿ ಮೈಗೆ ದಕ್ಕಿಸುವುದು ಆ ಸುಣ್ಣವೇ ಎಂದು ತಿಳಿದದ್ದು ಬಹುಕಾಲದ ಮೇಲೆ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್, ಈ ಜೋಳವನ್ನೇ ನೆಚ್ಚಿದ ಬಡ ರೈತರಲ್ಲಿ ಹೊಸ ರೋಗವೊಂದನ್ನು ಗುರುತಿಸಿದ. ಇಟಲಿಯಲ್ಲಿ ಅದಕ್ಕೆ ‘ಒರಟು ಚರ್ಮ’ ಎಂಬರ್ಥದ ‘ಪೆಲಗ್ರ’ ಎಂಬ ಹೆಸರಾಯಿತು. ಬಿಸಿಲು ತಾಗಿದೆಡೆ ಚರ್ಮ ಸುಟ್ಟಂತಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ, ಕೊನೆಗೆ ಮರಣ: ಇದು ಅದರ ಕ್ರಮ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಈ ರೋಗ ಕಾಡತೊಡಗಿತು. ಅದು ಅಂಟುರೋಗವೆಂದೇ ಅನೇಕ ವೈದ್ಯರ ಮತ. 1914ರಲ್ಲಿ ಸರ್ಕಾರ ಅಲ್ಲಿಗೆ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಕಳುಹಿಸಿತು. ಅನಾಥಾಲಯ, ಹುಚ್ಚಾಸ್ಪತ್ರೆಗಳಲ್ಲಿ ತಿರುಗಾಡಿದ ಅವನು ಸಾಮಾನ್ಯ ಸಂಗತಿಯೊಂದನ್ನು ಗಮನಿಸಿದ: ರೋಗ ಬರುವುದು ಅಲ್ಲಿ ಇರಿಸಿಕೊಂಡವರಿಗೆ, ಅವರ ಶುಶ್ರೂಷೆ ಮಾಡುವ ದಾದಿಯರಿಗೆ ಅಲ್ಲ. ಅಂಟುವ ರೋಗವಾದರೆ ದಾದಿಯನ್ನು ಬಿಟ್ಟೀತೆ? ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಜಾಕ್ಸನ್ ನಗರದ ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಹುರುಳಿಕಾಯಿಯಂಥ ಕಾಳುಗಳನ್ನು ಕೊಡಿಸಿದ, ರೋಗ ಮಾಯವಾಯಿತು.

ಜನ ನಂಬಲಿಲ್ಲ. 1915ರಲ್ಲಿ ಮಿಸಿಸಿಪಿಯ ಒಂದು ಸೆರೆಮನೆಯ ಹನ್ನೆರಡು ಮಂದಿ ಕೈದಿಗಳು, ಬಿಡುಗಡೆಯ ವಾಗ್ದಾನದ ಮೇಲೆ, ಜೋಳ ಮತ್ತು ಕಾಕಂಬಿಪಾಕದಂಥ ಬಡವರ ಊಟವನ್ನೇ ತಿಂಗಳುಗಟ್ಟಲೆ ಉಂಡರು. ಆರು ಮಂದಿಗೆ ಪೆಲಗ್ರ ತಲೆದೋರಿತು. ಕೈದಿಗೆ ಆಸೆ ತೋರಿಸಿ ನಡೆಸಿದ ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು. ಆದರೆ ಗೋಲ್ಡ್‌ಬರ್ಗರ್ ಅಪಾಯವನ್ನು ಪರರ ಪಾಲಿಗೇ ಬಿಟ್ಟವನಲ್ಲ. 1916ರಲ್ಲಿ ಅವನೂ ಅವನ ಗೆಳೆಯರೂ ರೋಗಿಗಳ ರಕ್ತವನ್ನು ಚುಚ್ಚಿಕೊಂಡರು. ಚರ್ಮದ ಹೊಟ್ಟನ್ನೂ ಮಲಮೂತ್ರಗಳನ್ನೂ ಹಿಟ್ಟಿನಲ್ಲಿ ಕಲಸಿ ನುಂಗಿದರು. ಅವನ ಹೆಂಡತಿ ಮೇರಿಯೂ ರಕ್ತವನ್ನು ಚುಚ್ಚಿಸಿಕೊಂಡಳು. ಯಾರಿಗೂ ಪೆಲಗ್ರ ಬರಲಿಲ್ಲ.

ಇಷ್ಟಾದರೂ ವಿರೋಧ ನಿಲ್ಲಲಿಲ್ಲವೆಂದರೆ ಅದಕ್ಕೆ ಕಾರಣ ಅಜ್ಞಾನವೊಂದೇ ಅಲ್ಲ. ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡನ್‌ಸ್ಟ್ರಿಕರ್ ಜೊತೆಗೂಡಿ ಅವನು ದಕ್ಷಿಣ ಕೆರೊಲಿನದ ಏಳು ಗಿರಣಿ ಹಳ್ಳಿಗಳಲ್ಲಿ ಮನೆಮನೆಯ ವರಮಾನವನ್ನೂ ಊಟವನ್ನೂ ಬರೆದುಕೊಂಡ. ವರಮಾನ ಇಳಿದಂತೆ ರೋಗ ಏರುತ್ತಿತ್ತು. ಗೇಣಿದಾರನ ಹೊಲದಲ್ಲಿ ಹೊಸ್ತಿಲವರೆಗೂ ಹತ್ತಿಯೇ. ಹಸು ಕಟ್ಟಲು, ಸೊಪ್ಪು ಹಾಕಲು ಜಾಗವಿಲ್ಲ. ‘ಹಾಲು ಕುಡಿಯಿರಿ’ ಎಂದು ಅವನಿಗೆ ಹೇಳಿ ಫಲವೇನು? ರೋಗದ ಬೇರು ಬಡತನದಲ್ಲಿದೆ ಎಂದೊಡನೆ ಆ ಸೀಮೆಯ ಗಣ್ಯರ ಅಭಿಮಾನಕ್ಕೆ ಪೆಟ್ಟು ಬಿತ್ತು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತೆತ್ತಿದಾಗ, ‘ನಮ್ಮಲ್ಲಿ ಕ್ಷಾಮವಿಲ್ಲ’ ಎಂದು ಅವರು ಸಿಡಿದೆದ್ದರು. ಅಂಟುರೋಗವಾದರೆ ಅದು ದೈವದ ತಪ್ಪು. ಅರೆಹೊಟ್ಟೆಯಾದರೆ ಯಜಮಾನನ ತಪ್ಪು!

ಅಗ್ಗದ ಯೀಸ್ಟ್‌ನಿಂದಲೂ ರೋಗ ವಾಸಿಯಾಗುವುದೆಂದು ಅವನು ತೋರಿಸಿದ. 1927ರ ಮಿಸಿಸಿಪಿ ಪ್ರವಾಹದ ಕಾಲದಲ್ಲಿ ರೆಡ್ ಕ್ರಾಸ್ ಅದನ್ನು ಹಂಚಿತು. ಕೊರತೆಯಾದ ವಸ್ತು ಯಾವುದೆಂದು ತಿಳಿಯುವ ಮುನ್ನವೇ, 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡ. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಅದನ್ನು ಗುರುತಿಸಿದ: ನಿಕೊಟಿನಿಕ್ ಆಮ್ಲ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿಂದ ಮುಂದಿನ ಕಥೆ ವಿಶೇಷವಾಗಿ ಸ್ವಾರಸ್ಯವೆನಿಸುತ್ತದೆ. ರಸಾಯನಜ್ಞರು ಈ ವಸ್ತುವನ್ನು ಹಿಂದೆ ನಿಕೊಟಿನ್‌ನಿಂದ ತಯಾರಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಗುಣದಲ್ಲಿ ಎರಡಕ್ಕೂ ಸಂಬಂಧವಿಲ್ಲ. ಆದರೆ ಬ್ರೆಡ್ಡಿಗೆ ಅದನ್ನು ಬೆರೆಸುವ ಮಾತು ಬಂದಾಗ, ‘ಅನ್ನಕ್ಕೆ ಹೊಗೆಸೊಪ್ಪೇ?’ ಎಂದು ಜನ ಬೆದರುವ ಭಯ ಹುಟ್ಟಿತು. 1940ರ ದಶಕದ ಆರಂಭದಲ್ಲಿ ‘ನಿಯಾಸಿನ್’ ಎಂಬ ಹೊಸ ಹೆಸರು ಬಳಕೆಗೆ ಬಂದಿತು. 1943ರಲ್ಲಿ, ಯುದ್ಧಕಾಲದ ಆಜ್ಞೆಯಂತೆ, ಬಿಳಿ ಬ್ರೆಡ್ಡಿಗೆ ಅದನ್ನು ಸೇರಿಸುವುದು ಕಡ್ಡಾಯವಾಯಿತು. ಅದರೊಡನೆ ಜನರ ವರಮಾನವೂ ಏರಿತು, ರೋಗ ಹಿಂಜರಿಯಿತು.

ಹಾಗಾದರೆ ಸಿಹಿಯಾದ ಹೆಸರಿಟ್ಟರೆ ಕೆಲಸ ಮುಗಿಯಿತೆ? ಇಲ್ಲ. ಸುಳ್ಳು ಭಯವನ್ನು ಕಳೆಯಲು ಹೆಸರು ಬದಲಿಸುವುದು ಬೇರೆ; ನಿಜವಾದ ದೋಷವನ್ನು ಮುಚ್ಚಲು ಬದಲಿಸುವುದು ಬೇರೆ. ಮೊದಲನೆಯದು ತಿಳಿವಳಿಕೆ, ಎರಡನೆಯದು ವ್ಯಾಪಾರ. ಅರ್ಧ ಸತ್ಯವೂ ಅಷ್ಟೇ ಅಪಾಯಕರ. ದಖನ್ನಿನಲ್ಲಿ ಬಿಳಿಜೋಳ ಉಣ್ಣುವ ಬಡವರಲ್ಲಿಯೂ ಪೆಲಗ್ರ ಉಂಟೆಂಬುದನ್ನು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಚರ್ಚಿಸಿದರು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಮ್ಮ ಜೋಳದ ರೊಟ್ಟಿಗೆ ಅಪವಾದ ತಪ್ಪದು. ಬೇಳೆ, ಸೊಪ್ಪು, ಮೊಸರು ಜೊತೆಗಿದ್ದರೆ ರೊಟ್ಟಿಯಿಂದ ಭಯವಿಲ್ಲ. ರೊಟ್ಟಿಯೊಂದೇ ಗತಿಯಾದವನಿಗೆ ಕಷ್ಟ, ಎಂಬ ಉಳಿದರ್ಧವನ್ನೂ ಹೇಳಬೇಕು.

ಇದು ಹಳೆಯ ಕಥೆಯೆಂದು ತಳ್ಳುವಂತಿಲ್ಲ. ಪಡಿತರದ ಅಕ್ಕಿಗೆ ಪೋಷಕಾಂಶ ಬೆರೆಸಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಸಾರಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಅನ್ನಾಂಗಗಳನ್ನು ಕೂಡಿಸಿ ಯಂತ್ರದಲ್ಲಿ ಒತ್ತಿದ ಕಾಳನ್ನು ನೂರಕ್ಕೆ ಒಂದರಂತೆ ಸೇರಿಸುವುದು ಕ್ರಮ. ಅಕ್ಕಿ ತೊಳೆಯುವ ಗೃಹಿಣಿಗೆ ಬಣ್ಣ ಬೇರೆಯಾದ, ನೀರಿನಲ್ಲಿ ತೇಲುವ ಕಾಳು ಕಂಡಿತು. ನಮ್ಮ ರಾಜ್ಯದಲ್ಲಿಯೂ ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಲ್ಲೆದ್ದಿತು. ಆಕೆಯನ್ನು ಮೂಢಳೆನ್ನುವುದು ಸುಲಭ. ಆದರೆ ಚೀಲ ಬರುವ ಮುನ್ನ ಆ ಕಾಳನ್ನು ಅಂಗೈಯಲ್ಲಿಟ್ಟು, ಅದರಲ್ಲಿ ಏನಿದೆ, ಏಕಿದೆ, ಯಾರಿಗೆ ಒಗ್ಗದು ಎಂದು ಆಕೆಯ ಮಾತಿನಲ್ಲಿ ತಿಳಿಸಿದವರಾರು?

ತನ್ನ ಮಕ್ಕಳ ತಟ್ಟೆಗೆ ಬೀಳುವುದನ್ನು ಅನುಮಾನಿಸುವ ಹಕ್ಕು ಅವಳದು. ಆ ಅನುಮಾನಕ್ಕೆ ಉತ್ತರ ಹೇಳುವ ಹೊಣೆ ವಿಜ್ಞಾನದ್ದು.