ಆಯದ ಜೋಳ, ಶೋರೂಮಿನ ಎಸ್ಟಿಮೇಟು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಹಿಂದೆ ಬಂಡಿಯ ಅಚ್ಚು ಮುರಿದರೆ ಯಾರೂ ರೇಟು ಕೇಳುತ್ತಿರಲಿಲ್ಲ. ಬಡಿಗನಿಗೂ ಕಂಬಾರನಿಗೂ ವರ್ಷಕ್ಕೊಮ್ಮೆ ರಾಶಿಯ ಕಣದಲ್ಲಿ ಆಯ ಸಲ್ಲುತ್ತಿತ್ತು. ಇಷ್ಟು ಎತ್ತು, ಇಷ್ಟು ಹೊಲ ಇದ್ದವನು ಇಷ್ಟು ಜೋಳ ಕೊಡಬೇಕು ಎಂಬುದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. ಆಳಂದದ ಗಡಿಯ ಊರುಗಳಲ್ಲಿ ಇದನ್ನೇ ಮರಾಠಿಯ ರೂಢಿಯಂತೆ ಬಲುತೆ ಎನ್ನುತ್ತಿದ್ದರು. ಆ ಜೋಳಕ್ಕೆ ಬದಲಾಗಿ ಬಡಿಗ ವರ್ಷವಿಡೀ ನೊಗ, ಕೂರಿಗೆ, ಗಾಲಿ ಸರಿ ಮಾಡಿಕೊಡಬೇಕು. ಗಾಲಿಗೆ ಕಬ್ಬಿಣದ ಹಳಿ ಕಟ್ಟುವ ದಿನ ಕಂಬಾರ ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಯಿಸಿ, ಕೆಂಪಾದ ಮೇಲೆ ಗಾಲಿಗೆ ತೊಡಿಸಿ, ನೀರು ಹಾಕಿ ಬಿಗಿಯುವಾಗ ಓಣಿಯ ಹುಡುಗರೆಲ್ಲ ಸುತ್ತ ನಿಂತಿರುತ್ತಿದ್ದರು.

ಇದನ್ನು ರಾಮರಾಜ್ಯವೆಂದು ಹೇಳಲು ನನಗೆ ಮನಸ್ಸಿಲ್ಲ. ಬರ ಬಿದ್ದ ವರ್ಷ ಕೆಲಸ ಅಷ್ಟೇ ಇದ್ದರೂ ಆಯ ಅರ್ಧಕ್ಕಿಳಿಯುತ್ತಿತ್ತು. ಕೈಕೆಲಸದವನು ತನ್ನ ಕೆಲಸಕ್ಕೆ ತಾನೇ ಬೆಲೆ ಹೇಳುವ ಹಾಗಿರಲಿಲ್ಲ, ಕಣದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಆದರೆ ಒಂದು ಸಂಗತಿ ಆ ವ್ಯವಸ್ಥೆಯಲ್ಲಿತ್ತು, ಆಮೇಲೆ ಕಳೆದುಹೋಯಿತು. ಮುರಿದದ್ದು ಏನು ಎಂಬುದು ಮುರಿದವನಿಗೂ ಕಾಣುತ್ತಿತ್ತು, ಕೂಡಿಸುವವನಿಗೂ ಕಾಣುತ್ತಿತ್ತು. ಅಚ್ಚು ಸೀಳಿದೆಯೋ ಇಲ್ಲವೋ ಎಂಬ ಬಗ್ಗೆ ವಾದ ಹುಟ್ಟಲು ಆಸ್ಪದವೇ ಇರಲಿಲ್ಲ.

ಇವತ್ತು ಶೋರೂಮಿನ ಸರ್ವಿಸ್ ಸೆಂಟರಿನವರು ಕೈಗಿಡುವ ಎಸ್ಟಿಮೇಟು ನೋಡಿ ಎದೆ ಧಸಕ್ಕೆನ್ನುವುದು ಮೊತ್ತಕ್ಕಾಗಿ ಮಾತ್ರವಲ್ಲ ಎಂದು ನನಗನ್ನಿಸುತ್ತದೆ. ಆ ಹಾಳೆಯಲ್ಲಿ ಬರೆದದ್ದು ಖರೆಯೋ ಸುಳ್ಳೋ ಪರೀಕ್ಷಿಸುವ ದಾರಿ ನಮ್ಮ ಕೈಯಲ್ಲಿಲ್ಲ. ಇಲ್ಲಿಗೆ ನಾವು ಹೇಗೆ ಬಂದೆವು ಎಂಬುದಕ್ಕೆ ಒಂದು ಚರಿತ್ರೆಯಿದೆ.

ನಮ್ಮ ಸೀಮೆಗೆ ಮೋಟಾರು ಸಾರ್ವಜನಿಕವಾಗಿ ಬಂದದ್ದು ನಿಜಾಮರ ಸರ್ಕಾರದ ಬಸ್ಸಿನ ರೂಪದಲ್ಲಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಒಂದು ಅಂಗವಾಗಿ ರಸ್ತೆ ಸಾರಿಗೆ ವಿಭಾಗ ಶುರುವಾಯಿತು. ಆಗ ಇಡೀ ಹೈದರಾಬಾದ್ ಸಂಸ್ಥಾನಕ್ಕೆ ಇದ್ದದ್ದು 27 ಬಸ್ಸು, 166 ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳವು. ಒಂದು ಬಸ್ಸಿಗೆ ಆರು ಜನರ ಲೆಕ್ಕ. ಅಷ್ಟು ದೂರದಿಂದ ಬಂದ ಗಾಡಿಯ ಬಿಡಿಭಾಗಕ್ಕೆ ಎಷ್ಟು ಖರ್ಚಾಯಿತೆಂದು ಟಿಕೆಟ್ ಹರಿಸಿಕೊಂಡವನಿಗೆ ತಿಳಿಯುವ ಕಾರಣವಿರಲಿಲ್ಲ. ರಿಪೇರಿ ಸರ್ಕಾರದ ಮನೆಯೊಳಗಿನ ಮಾತಾಗಿತ್ತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಸ್ಸಿನ ಮೇಲಿನ ಹೆಸರು ಬದಲಾಯಿತು, ಮುಂದೆ ಇನ್ನೂ ಹಲವು ಸಲ ಬದಲಾಯಿತು. 2021ರಿಂದ ಅದು ಕಲ್ಯಾಣ ಕರ್ನಾಟಕ ಸಾರಿಗೆ.

ಖಾಸಗಿ ಗಾಡಿಗಳು ಹೆಚ್ಚಿದ ಮೇಲೆ ಹುಟ್ಟಿಕೊಂಡದ್ದು ಉಸ್ತಾದರ ಕಾಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರಾ ಜೀಪು: ದಶಕಗಟ್ಟಲೆ ಹೆಚ್ಚು ಬದಲಾಗದ ಈ ಮೂರು ಗಾಡಿಗಳು ಮೆಕ್ಯಾನಿಕ್ಕರ ಪಾಲಿಗೆ ಪಠ್ಯಪುಸ್ತಕವಿದ್ದಂತೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಕಲಾಗಿ 1957ರಲ್ಲಿ ಶುರುವಾದ ಅಂಬಾಸಿಡರ್ 2014ರ ಮೇ ತಿಂಗಳವರೆಗೆ ತಯಾರಾಗುತ್ತಿತ್ತು. ಒಮ್ಮೆ ಕಲಿತ ವಿದ್ಯೆ ಒಂದು ಆಯುಷ್ಯಕ್ಕೆ ಸಾಕಾಗುತ್ತಿತ್ತು. ಗ್ಯಾರೇಜಿನ ಭಾಷೆಯೂ ನಮ್ಮ ಸೀಮೆಯ ಹಾಗೇ ಬೆರಕೆ. ಪಾನಾ, ಪಕ್ಕಡ, ಮಿಸ್ತ್ರಿ, ಉಸ್ತಾದ್, ಗೇರ್ ಬಾಕ್ಸ್, ಬೇರಿಂಗ್. ದಖನಿ ಉರ್ದು, ಮರಾಠಿ, ಇಂಗ್ಲಿಷು ಎಲ್ಲ ಕನ್ನಡದ ಕ್ರಿಯಾಪದಕ್ಕೆ ಜೋತುಬಿದ್ದು ಬರುತ್ತಿದ್ದವು. ‘ಕ್ಲಚ್ ಪ್ಲೇಟ್ ಖಲಾಸ್ ಆಗ್ಯಾದ್ರಿ’ ಎನ್ನುವ ಒಂದು ವಾಕ್ಯದಲ್ಲಿ ಎಷ್ಟು ರಾಜ್ಯಭಾರಗಳು ಹಾದುಹೋಗಿವೆ ನೋಡಿ.

ಉಸ್ತಾದರು ಕೂಡ ಮೋಸ ಮಾಡುತ್ತಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಒರಿಜಿನಲ್ ಅಂತ ಹೇಳಿ ಡುಪ್ಲಿಕೇಟ್ ಹಾಕುವುದು, ಒಳ್ಳೆಯ ಡೈನಮೋ ಬಿಚ್ಚಿಟ್ಟುಕೊಳ್ಳುವುದು ಎಲ್ಲ ನಡೆಯುತ್ತಿತ್ತು. ಆದರೆ ಗಿರಾಕಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ನೋಡುತ್ತಿರುತ್ತಿದ್ದ. ಸವೆದ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ತೋರಿಸಿ, ‘ಕೇಳ್ರಿ ಇದರ ಆವಾಜ್’ ಎಂದಾಗ ಅವನಿಗೂ ಕೇಳುತ್ತಿತ್ತು. ಚೌಕಾಸಿ ಸಾಧ್ಯವಾಗುತ್ತಿದ್ದದ್ದು ಇಬ್ಬರ ಮುಂದೆಯೂ ಆ ಬೇರಿಂಗ್ ಇದ್ದ ಕಾರಣಕ್ಕೆ.

ಅದು ಕಣ್ಮರೆಯಾದದ್ದು ಒಳ್ಳೆಯ ಉದ್ದೇಶದಿಂದಲೇ. ದೆಹಲಿಯ ಗಾಳಿ ಕೆಟ್ಟುಹೋಗಿದ್ದರಿಂದ 1999ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ರಾಜಧಾನಿ ಪ್ರದೇಶದಲ್ಲಿ ಹೊಸ ಕಾರುಗಳಿಗೆ ಯೂರೋ ಮಾನದಂಡ ಕಡ್ಡಾಯ ಮಾಡಿತು. ಕಾರ್ಬುರೇಟರು ಹೋಗಿ ಕಂಪ್ಯೂಟರು ಅಳೆದು ಸುರಿಯುವ ಇಂಧನ ಬಂತು. ಭಾರತ್ ಸ್ಟೇಜ್ 4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್ 1ರಂದು, ಸ್ಟೇಜ್ 6 ಬಂದದ್ದು 2020ರ ಏಪ್ರಿಲ್ 1ರಂದು. ಹೊಗೆ ಕಡಿಮೆಯಾಯಿತು, ಅದರಲ್ಲಿ ತಕರಾರಿಲ್ಲ. ಆದರೆ ಎಂಜಿನ್ನಿನ ರೋಗ ಈಗ ಒಂದು ಕೋಡ್ ಆಗಿ ಕೂತಿತು. ಅದನ್ನು ಓದುವ ಯಂತ್ರ, ಓದಿದ್ದನ್ನು ಬಿಡಿಸಿ ಹೇಳುವ ಕೈಪಿಡಿ, ಹೊಸ ಭಾಗ ಕೂಡಿಸಿದ ಮೇಲೆ ಕಾರಿಗೆ ಅದರ ಗುರುತು ಹೇಳುವ ಸಾಫ್ಟ್‌ವೇರು, ಮೂರೂ ಕಂಪನಿಯ ಹತ್ತಿರ ಉಳಿದವು. ಬಾನೆಟ್ ತೆಗೆದರೆ ಪ್ಲಾಸ್ಟಿಕ್ಕಿನ ಒಂದು ಮುಚ್ಚಳ ಕಾಣುತ್ತದೆ. ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗೆ ಏಸಿ ಕೋಣೆ, ಕಾಫಿ, ಟೀವಿ. ಗಾಡಿ ಮಾತ್ರ ಗಾಜಿನ ಗೋಡೆಯ ಆಚೆ.

ಈ ಮುಚ್ಚಿದ ಬಾಗಿಲನ್ನು ತಟ್ಟಿದ್ದು ಶಮ್ಶೇರ್ ಕಟಾರಿಯಾ ಎಂಬ ಗ್ರಾಹಕ. 2011ರಲ್ಲಿ ಅವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳ ಮೇಲೆ ದೂರು ಕೊಟ್ಟರು. ಬಿಡಿಭಾಗ ಹೊರಗೆ ಮಾರುವುದಿಲ್ಲ, ತಪಾಸಣೆಯ ಉಪಕರಣ ಸ್ವತಂತ್ರ ಗ್ಯಾರೇಜಿಗೆ ಕೊಡುವುದಿಲ್ಲ, ಹಾಗಾಗಿ ಕೇಳಿದಷ್ಟು ತೆರಬೇಕು ಎಂಬುದು ದೂರಿನ ತಿರುಳು. ತನಿಖೆ ಉಳಿದ ಕಂಪನಿಗಳಿಗೂ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿತು. ಅದರಲ್ಲಿ ಟಾಟಾ ಮೋಟಾರ್ಸಿನ ಪಾಲೇ ಅರ್ಧಕ್ಕಿಂತ ಹೆಚ್ಚು. ಮಾರುತಿ, ಮಹೀಂದ್ರಾ, ಟೊಯೋಟಾ, ಫೋರ್ಡ್ ಇದ್ದವು. ಮೂರು ತಿಂಗಳ ಹಿಂದಷ್ಟೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದ ಹಿಂದುಸ್ತಾನ್ ಮೋಟಾರ್ಸ್ ಕೂಡ ಪಟ್ಟಿಯಲ್ಲಿತ್ತು! ಆಯೋಗದ ತರ್ಕ ಸರಳವಾಗಿತ್ತು. ಕಾರು ಕೊಳ್ಳುವಾಗ ಹತ್ತು ಕಂಪನಿಗಳ ನಡುವೆ ಆರಿಸಬಹುದು. ಕೊಂಡಾದ ಮೇಲೆ ಆ ಕಾರಿನ ಬಿಡಿಭಾಗಕ್ಕೆ ಅದೇ ಕಂಪನಿಯೇ ಏಕೈಕ ಅಂಗಡಿ. ಹಾಗಾಗಿ ಮಾರುಕಟ್ಟೆಯಲ್ಲಿ ಸಣ್ಣವನಾದ ಕಂಪನಿಯೂ ತನ್ನ ಗಿರಾಕಿಯ ಮಟ್ಟಿಗೆ ಸಾರ್ವಭೌಮ.

ಆ ಆದೇಶದಲ್ಲಿ ದಂಡಕ್ಕಿಂತ ಮುಖ್ಯವಾದ ಮಾತು ವಾರಂಟಿಯದ್ದು. ಹೊರಗಿನ ಗ್ಯಾರೇಜಿನಲ್ಲಿ ಗಾಡಿ ಬಿಚ್ಚಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂದು ಸಾರಾಸಗಟು ಷರತ್ತು ಹಾಕುವಂತಿಲ್ಲ. ಹೊರಗಿನ ಕೆಟ್ಟ ಕೆಲಸದಿಂದ ಯಾವ ಹಾನಿ ಆಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತು ಆಯೋಗ. ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ತನ್ನ ಮುಂದಿದ್ದ ಕಂಪನಿಗಳ ದಂಡದ ಲೆಕ್ಕವನ್ನು ಇಳಿಸಿತಾದರೂ ತಪ್ಪಾಗಿದೆ ಎಂಬ ನಿರ್ಣಯವನ್ನು ಉಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಮತದಾರರು ರಿಪೇರಿ ಹಕ್ಕಿನ ಕಾನೂನಿಗೆ ಭಾರೀ ಬಹುಮತ ಕೊಟ್ಟಿದ್ದರು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದದ್ದು 2022ರ ಡಿಸೆಂಬರ್ 24ರಂದು.

ದೆಹಲಿಯ ಆದೇಶ ಭೀಮಾ ತೀರಕ್ಕೆ ಹೇಗೆ ಬಂದು ತಲುಪುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದು 2020ರ ಅಕ್ಟೋಬರ್ ಪ್ರವಾಹದ ನಂತರ. ಮಹಾರಾಷ್ಟ್ರದ ಕಡೆಯಿಂದ ಬಂದ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜನ್ನು ದಾಟಿ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳಿಗೆ ನುಗ್ಗಿತ್ತು. ನನ್ನ ಅಕ್ಕನ ಗಂಡ, ನಾವು ಮಾಮಾ ಎನ್ನುವವರ, ಐದು ವರ್ಷದ ಸಣ್ಣ ಕಾರು ಅಂಗಳದಲ್ಲಿ ಸೀಟು ಮುಳುಗುವಷ್ಟು ನೀರಿನಲ್ಲಿ ಎರಡು ದಿನ ನಿಂತಿತ್ತು. ಅವರು ಚಾವಿ ತಿರುವಿರಲಿಲ್ಲ, ಅದೊಂದು ಪುಣ್ಯ. ನೀರು ಕುಡಿದ ಎಂಜಿನ್ನನ್ನು ಚಾಲೂ ಮಾಡಿದರೆ ಸಿಲಿಂಡರಿನೊಳಗೆ ಕುಗ್ಗದ ನೀರನ್ನು ಪಿಸ್ಟನ್ ಒತ್ತಲು ಹೋಗಿ ರಾಡೇ ಬಾಗುತ್ತದೆ. ವಿಮೆ ಥರ್ಡ್ ಪಾರ್ಟಿ ಮಾತ್ರ ಇತ್ತು. ಅದರಲ್ಲಿ ಸ್ವಂತ ಗಾಡಿಗೆ ಒಂದು ಪೈಸೆಯೂ ಸಿಗದು. ಪೂರ್ತಿ ವಿಮೆ ಇದ್ದಿದ್ದರೂ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗೆ ಅರ್ಧ ಬೆಲೆ ಕಡಿತವಾಗುತ್ತಿತ್ತು.

ಗಾಡಿಯನ್ನು ಎತ್ತಿಸಿಕೊಂಡು ಕಲಬುರಗಿಯ ಒಂದು ಶೋರೂಮಿಗೆ ಹೋದೆವು. ಮೂರನೆಯ ದಿನ ಎಸ್ಟಿಮೇಟು ಬಂತು, ₹1,87,000. ಎಂಜಿನ್ ಅಸೆಂಬ್ಲಿ, ವೈರಿಂಗ್ ಅಸೆಂಬ್ಲಿ, ಕಂಟ್ರೋಲ್ ಯೂನಿಟ್, ಸೀಟುಗಳು. ಬಿಡಿಭಾಗಗಳ ಮೇಲೆ ಆಗ ಜಿಎಸ್‌ಟಿ ಶೇಕಡಾ 28. (ಅದು 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ.)

‘ಇಂಜಿನ್ ಬಿಚ್ಚಿ ನೋಡೀರೇನ್ರಿ?’ ಮಾಮಾ ಕೇಳಿದರು.

‘ಬಿಚ್ಚಬೇಕಂದ್ರ ಮೊದಲು ಅಪ್ರೂವಲ್ ಬೇಕು ಸರ್. ನೀರು ಹೊಕ್ಕ ಗಾಡಿಗೆ ಕಂಪನಿ ರೂಲ್ ಇದೇ ಅದ. ಇಲ್ಲಾಂದ್ರ ನಾವು ಗ್ಯಾರಂಟಿ ಕೊಡಾಕ ಬರಲ್ಲ.’

ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಬೇರಿಂಗ್ ಕೆಟ್ಟರೆ ಬೇರಿಂಗಿನ ಬದಲು ಅದು ಕೂತಿರುವ ಇಡೀ ಅಸೆಂಬ್ಲಿ ಬದಲಿಸು ಎಂಬ ಪದ್ಧತಿ ಅವನು ಮಾಡಿದ್ದಲ್ಲ. ಹೊಸ ಕಾರು ಮಾರಿ ಡೀಲರಿಗೆ ಉಳಿಯುವುದು ತೆಳ್ಳಗಿನ ಲಾಭ. ಶೋರೂಮಿನ ಗಾಜು, ಬಾಡಿಗೆ, ಸಂಬಳ ಎಲ್ಲ ಸರ್ವಿಸಿನ ಮೇಲೆ ನಿಂತಿರುತ್ತವೆ. ಅದರ ಭಾರ ಮಾಮಾನ ಹೆಗಲಿಗೆ ಯಾಕೆ ಬರಬೇಕು ಎಂಬುದು ಬೇರೆ ಪ್ರಶ್ನೆ. ನಮ್ಮ ತಾಲ್ಲೂಕುಗಳ ಜನ ಇಂಥ ಹಾಳೆಗೆ ಬೇಗ ಸಹಿ ಹಾಕುವುದು ನಂಬಿಕೆಯಿಂದಲ್ಲ, ದೂರದಿಂದ. ಆಳಂದದಿಂದ, ಜೇವರ್ಗಿಯಿಂದ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರು, ಅಫಜಲಪುರದಿಂದ ಇನ್ನೂ ಜಾಸ್ತಿ. ಎತ್ತಿ ತಂದ ಗಾಡಿಯನ್ನು ಮತ್ತೆ ಎತ್ತಿಕೊಂಡು ಹೋಗುವ ಖರ್ಚು, ಎರಡನೇ ಅಭಿಪ್ರಾಯಕ್ಕೆ ಸೊಲ್ಲಾಪುರದ ದಾರಿ, ಕೆಲಸ ಬಿಟ್ಟ ದಿನಗಳು. ಎಸ್ಟಿಮೇಟಿನಲ್ಲಿ ಕಾಣದ ಈ ಸಾಲುಗಳೇ ಚೌಕಾಸಿಯ ಬಾಯಿ ಮುಚ್ಚಿಸುತ್ತವೆ.

ಮಾಮಾ ಸಹಿ ಹಾಕಲಿಲ್ಲ. ಭಾಗಗಳ ನಂಬರು, ಬೆಲೆ ಬಿಡಿಬಿಡಿಯಾಗಿ ಬರೆಸಿಕೊಂಡು, ಗಾಡಿಯನ್ನು ಜೇವರ್ಗಿಯ ಒಬ್ಬ ಉಸ್ತಾದರ ಗ್ಯಾರೇಜಿಗೆ ಒಯ್ಸಿದರು. ಪ್ರವಾಹದ ಆ ತಿಂಗಳು ಅಲ್ಲಿ ಟಂಟಂ, ಕ್ರೂಸರ್, ಟ್ರ್ಯಾಕ್ಟರುಗಳ ಜಾತ್ರೆ. ಉಸ್ತಾದರು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸಿದರು. ತಿರುಗಿತು. ಎಣ್ಣೆ ಸುರಿದು ನೋಡಿದರು, ಹಾಲು ಬೆರೆತ ಚಹಾದ ಬಣ್ಣ. ಎರಡು ಸಲ ಹೊಸ ಎಣ್ಣೆ ಹಾಕಿ ತೊಳೆದರು. ಆಲ್ಟರ್ನೇಟರು, ಸ್ಟಾರ್ಟರಿಗೆ ಹೊಸ ಸುತ್ತು, ವೈರಿಂಗಿನ ಕೂಡುಗಳನ್ನೆಲ್ಲ ಬಿಚ್ಚಿ ಒಣಗಿಸಿದ್ದು, ಸೀಟು ಬಿಸಿಲಿಗೆ. ಅವರ ಅಣ್ಣನ ಮಗ ಚೀನಾದ ಅಗ್ಗದ ಸ್ಕ್ಯಾನರ್ ಕೂಡಿಸಿ ಕೋಡುಗಳನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ, ಇವರು ಅದನ್ನು ಕೇಳಿ ವೈರು ಹುಡುಕುತ್ತಿದ್ದರು. ಬ್ಯಾಟರಿ ಹೊಸದು. ಎಲ್ಲ ಸೇರಿ ₹46,000. ಲೆಕ್ಕ ಬರೆದದ್ದು ಎಣ್ಣೆ ಡಬ್ಬದ ರಟ್ಟಿನ ಹಿಂದೆ. ಬಿಚ್ಚಿದ ಭಾಗಗಳೆಲ್ಲ ಒಂದು ಚೀಲದಲ್ಲಿ ಮಾಮಾನ ಕೈಗೆ.

ಆದರೂ ಒಂದು ದೀಪ ಆರಲಿಲ್ಲ. ಏರ್‌ಬ್ಯಾಗಿನ ಕೆಂಪು ದೀಪ. ‘ಇದು ನಮ್ ಕೈಯಾಗಿಲ್ರಿ. ಹೊಸ ಡಬ್ಬಿ ಕೂಡಿಸಿದ್ರೂ ಕಂಪನಿ ಮಷಿನ್ ಪಾಸ್‌ವರ್ಡ್ ಕೇಳ್ತದ. ಇದರ ಜೋಡಿ ಆಟ ಆಡಬಾರದು, ಹುಡುಗರು ಕೂಡ್ತಾರ’ ಎಂದರು ಉಸ್ತಾದ್. 2014ರ ಆದೇಶ ಯಾವ ಬೀಗವನ್ನು ತೆಗೆಯಲು ಹೇಳಿತ್ತೋ ಅದು ಆರು ವರ್ಷದ ನಂತರವೂ ಜೇವರ್ಗಿಯಲ್ಲಿ ಹಾಕಿಯೇ ಇತ್ತು. ಜೀವ ಕಾಯುವ ಭಾಗವನ್ನು ಯಾರು ಬೇಕಾದರೂ ಮುಟ್ಟಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಕಲಿತವನಿಗೆ ಪರೀಕ್ಷೆ ಇಟ್ಟು, ಶುಲ್ಕ ಕಟ್ಟಿಸಿಕೊಂಡು ಚಾವಿ ಕೊಡಬಹುದಲ್ಲ ಎಂಬುದಕ್ಕೆ ನನಗಿನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.

ಶೋರೂಮಿನೊಡನೆ ಜಗಳ ಆಗಿದ್ದರೆ ಕಾನೂನಿನ ದಾರಿಯೂ ಇತ್ತು. ಅದೇ 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸೊಲ್ಲಾಪುರದ ಸರ್ವಿಸ್ ಸೆಂಟರಿನ ಮೇಲಿನ ತಕರಾರನ್ನು ಆಳಂದದವನು ಕಲಬುರಗಿಯಲ್ಲೇ ಹೂಡಬಹುದು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಅದಕ್ಕೆ ಬೇಕಾದದ್ದು ಜಾಬ್ ಕಾರ್ಡು, ಬಿಡಿಸಿ ಬರೆದ ಬಿಲ್ಲು, ಬದಲಿಸಿದ ಹಳೆಯ ಭಾಗ. ಮಾಮಾ ಸಹಿಗೆ ಮೊದಲು ಬರೆಸಿಕೊಂಡ ಹಾಳೆ ಅಂಥ ದಾಖಲೆಯೇ.

ದೀಪ ಆರಿಸಲು ಕಡೆಗೆ ಕಲಬುರಗಿಗೇ ಹೋದೆವು. ಏರ್‌ಬ್ಯಾಗಿನ ಕೆಲಸವಷ್ಟೇ ಎಂದು ಜಾಬ್ ಕಾರ್ಡಿನ ಮೇಲೆ ಬರೆಸಿದ ಕಾರಣ ₹19,000ದಲ್ಲಿ ಮುಗಿಯಿತು. ಹಣ ಪೂರ್ತಿ ಜಮೆಯಾದ ಮೆಸೇಜು ಬಂದ ಮೇಲೆ ಚಾವಿ ಕೊಟ್ಟರು. ಜೇವರ್ಗಿಯ ಉಸ್ತಾದರಿಗೆ ಕೊಡಬೇಕಿದ್ದ ಹನ್ನೆರಡು ಸಾವಿರ ಬಾಕಿ ಉಳಿದಿತ್ತು. ಅದನ್ನು ಮಾಮಾ ಜನವರಿಯಲ್ಲಿ, ಹೊಳೆಯ ನೀರು ಹತ್ತದ ಮ್ಯಾಲಿನ ಹೊಲದ ತೊಗರಿ ರಾಶಿಯಾದ ಮೇಲೆ ಮುಟ್ಟಿಸಿದರು. ಜೊತೆಗೆ ಒಂದು ಚೀಲ ತೊಗರಿಯನ್ನೂ ಇಳಿಸಿ ಬಂದರಂತೆ.